ಆಗರದ ಬದುವಿನ ಮೇಲೆ ಶುಕ್ರನ ನಡಿಗೆ

ಹಿರೇಗುತ್ತಿಯ ಕುಪ್ಪ ಗೌಡನಿಗೆ ಜನರ ಮುಖ ನೆನಪಿರುತ್ತಿರಲಿಲ್ಲ, ನಡಿಗೆ ನೆನಪಿರುತ್ತಿತ್ತು. ದಾರಿಗೆ ಬೆನ್ನು ಹಾಕಿ ಕೂತು ಹಗ್ಗ ಹೊಸೆಯುತ್ತಿದ್ದರೂ ಬೇಲಿಯ ಆಚೆ ಯಾರು ಹೋದರೆಂದು ಹೇಳುತ್ತಿದ್ದ. ಹೆಸರು ಗೊತ್ತಿಲ್ಲದವರಿಗೆ ತಾನೇ ಹೆಸರಿಡುತ್ತಿದ್ದ. ಒಬ್ಬ ‘ಎಡ ಮೊಣಕಾಲು ಪೂರ್ತಿ ನೀಡದವ’, ಒಬ್ಬಳು ‘ತುದಿಗಾಲಲ್ಲಿ ಮಣ್ಣು ಕೆದರುವವಳು’. ಊರ ಶಾನುಭೋಗರು ಅವನ ಲೆಕ್ಕದಲ್ಲಿ ‘ಕುತ್ತಿಗೆಯ ಬದಲು ಸೊಂಟ ತಿರುಗಿಸುವವರು’. ಇದನ್ನು ಕೇಳಿದ ಮೇಲೆ ಶಾನುಭೋಗರು ಅವನ ಮನೆಯ ಮುಂದೆ ಹೋಗುವಾಗ ಅತ್ತಿತ್ತ ನೋಡುವುದನ್ನೇ ಬಿಟ್ಟರು.

ಮುರಿದ ಎಲುಬು ಕಟ್ಟುವುದು, ತಪ್ಪಿದ ಕೀಲು ಕೂಡಿಸುವುದು ಅವನ ವಿದ್ಯೆ. ಅವನ ಅಪ್ಪ ದನಗಳ ಕಾಲು ಕಟ್ಟುತ್ತಿದ್ದವನು. ಕುಪ್ಪ ದನಗಳಿಂದ ಶುರುಮಾಡಿ ಮನುಷ್ಯರಿಗೆ ಬಂದ. ದನ ತನಗೆ ಎಲ್ಲಿ ನೋವೆಂದು ಹೇಳುವುದಿಲ್ಲ, ಆದ್ದರಿಂದ ಸುಳ್ಳನ್ನೂ ಹೇಳುವುದಿಲ್ಲ, ಕೀಲು ಕಲಿಯಬೇಕಾದರೆ ಕೊಟ್ಟಿಗೆಯಲ್ಲಿ ಕಲಿಯಬೇಕು ಎಂಬುದು ಅವನ ಮಾತು. ಯಾರಿಂದಲೂ ಹಣ ಮುಟ್ಟುತ್ತಿರಲಿಲ್ಲ. ಒಂದು ತೆಂಗಿನಕಾಯಿ ಇಟ್ಟು ಹೋದರೆ ಆಯಿತು.

ಶರೀರದ ಕೀಲುಗಳನ್ನು ಅವನು ಮನೆಯ ಸಾಮಾನುಗಳ ಹಾಗೆ ವಿಂಗಡಿಸಿ ಇಟ್ಟುಕೊಂಡಿದ್ದ. ಮೊಣಕಾಲು, ಮೊಣಕೈ, ಬೆರಳಿನ ಗೆಣ್ಣು, ಇವು ಬಾಗಿಲು. ಒಂದೇ ಕಡೆಗೆ ತೆರೆಯುತ್ತವೆ, ಒಂದೇ ಕಡೆಗೆ ಮುಚ್ಚುತ್ತವೆ. ಕುತ್ತಿಗೆ ಬೀಸುಕಲ್ಲು, ಗೂಟದ ಮೇಲೆ ಕೂತು ಹೊರಳುತ್ತದೆ. ಹೆಗಲು ಮತ್ತು ತೊಡೆಯ ಬುಡ, ಇವು ಒರಳು ಮತ್ತು ಒನಕೆ. ಮುಂದೆ, ಹಿಂದೆ, ಒಳಗೆ, ಹೊರಗೆ, ಸುತ್ತ, ಎಲ್ಲ ಕಡೆಗೂ ಆಡುತ್ತವೆ. ಹೆಗಲಿನ ಒರಳು ತಟ್ಟೆಯ ಹಾಗೆ ಚಪ್ಪಟೆ, ಆದ್ದರಿಂದ ಒನಕೆ ಬೇಗ ಜಾರುತ್ತದೆ. ತೊಡೆಯ ಒರಳು ಆಳ. ಅದು ಸುಮ್ಮನೆ ಜಾರುವುದಿಲ್ಲ, ಜಾರಿದರೆ ಸುಮ್ಮನೆ ಕೂಡುವುದೂ ಇಲ್ಲ. ಶಾಲೆಯ ಮೆಟ್ಟಿಲು ಹತ್ತದವನ ಈ ಪಾಠ ಎಷ್ಟು ಸರಿಯೆಂದು ಆಮೇಲೆ ನಾನು ದೊಡ್ಡ ದೊಡ್ಡ ಪುಸ್ತಕಗಳ ಚಿತ್ರಗಳಲ್ಲಿ ನೋಡಿ ತಿಳಿದೆ. ಅವನು ಹೇಳಿದ್ದರಲ್ಲಿ ತೆಗೆದುಹಾಕುವಂಥದ್ದು ಒಂದೂ ಇರಲಿಲ್ಲ.

ಹೆಸರು ದೂರ ಹೋಗಿತ್ತು. ಭಟ್ಕಳದ ನವಾಯತ ಸಾಹೇಬರೊಬ್ಬರು ಮಣಿಕಟ್ಟು ಹಿಡಿದುಕೊಂಡು ಹೊಳೆಗಳನ್ನು ದಾಟಿ ಬಂದಿದ್ದರು. ಕರ್ಕಿಯ ಕಡೆಯ ಯಕ್ಷಗಾನದ ವೇಷಧಾರಿಯೊಬ್ಬ ರಂಗದ ಮೇಲೆ ಮಂಡಿ ಹಾಕಿ ಗಿರಗಿರನೆ ತಿರುಗಿ ಮೊಣಕಾಲು ಊದಿಸಿಕೊಂಡು ಬಂದಾಗ ಕುಪ್ಪ ಅವನಿಗೆ, “ಮೊಣಕಾಲು ಬಾಗ್ಲು ಮಾರಾಯ, ಬೀಸುಕಲ್ಲು ಅಲ್ಲ. ಬಾಗ್ಲನ್ನ ತಿರುವಿದ್ರೆ ಕೀಲೇ ಕಿತ್ತು ಬತ್ತದೆ,” ಅಂದ. ಈ ಮಾತು ಮೇಳದವರ ಬಾಯಲ್ಲಿ ಹೊನ್ನಾವರದವರೆಗೆ ಹೋಯಿತು.

ಇಂಥ ಕುಪ್ಪ ಒಂದು ತಪ್ಪು ಮಾಡಿದ. ಇದು ಆ ತಪ್ಪಿನ ಕಥೆ.

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ, ಐವತ್ತೇಳರ ಆಷಾಢ. ಬಂಗಾರಿ ಎಂಬ ವಿಧವೆಗೆ ಶುಕ್ರ ಒಬ್ಬನೇ ಮಗ. ಇಪ್ಪತ್ತನಾಲ್ಕರ ಪ್ರಾಯ. ಮಂಜಿ ಎಂಬ ಹುಡುಗಿಯನ್ನು ತಂದು ಆರು ತಿಂಗಳಾಗಿತ್ತು. ಅವನು ಮನೆಯ ಹಿಂದೆ ಕುಕ್ಕರಗಾಲಲ್ಲಿ ಕೂತು ನೀರು ಹೋಗಲು ಕಾಲುವೆ ತೋಡುತ್ತಿದ್ದಾಗ ಮೇಲಿನ ಮಣ್ಣಿನ ದರೆ ಜರಿದು ಬೆನ್ನಿನ ಮೇಲೆ ಬಿತ್ತು. ನಾಲ್ಕು ಜನ ಸೇರಿ ಮಣ್ಣು ಬಗೆದು ತೆಗೆದಾಗ ಉಸಿರಿರಲಿಲ್ಲ. ಮೈ ತಣ್ಣಗಿತ್ತು. ತುಟಿ ನೀಲಿಯಾಗಿತ್ತು. ಚಾವಡಿಯಲ್ಲಿ ಮಲಗಿಸಿ, ತಲೆ ದಕ್ಷಿಣಕ್ಕೆ ಮಾಡಿದರು. ಉಸಿರು ಹೋದವರ ಕಾಲಿನ ಎರಡೂ ಹೆಬ್ಬೆರಳು ಸೇರಿಸಿ ಕಟ್ಟುವುದು ಕ್ರಮ. ಬಂಗಾರಿ ತನ್ನ ಸೆರಗಿನ ಅಂಚು ಹರಿದು ತಾನೇ ಕಟ್ಟಿದಳು. ಕಟ್ಟಿ ಗಂಟು ಬಿಗಿಯುವಾಗ ಹೆಣ ನರಳಿತು. ಬಂಗಾರಿ ಅಲ್ಲೇ ಎಚ್ಚರ ತಪ್ಪಿ ಬಿದ್ದಳು.

ಅಘನಾಶಿನಿಗೆ ನೆರೆ ಬಂದು ದಾಟಿಸುವ ತಾರಿ ದೋಣಿ ನಿಂತಿತ್ತು. ಕುಮಟೆಯ ದವಾಖಾನೆಗೆ ದಾರಿಯಿಲ್ಲ. ಶುಕ್ರನನ್ನು ಬಾಗಿಲ ಹಲಗೆಯ ಮೇಲೆ ಹೊತ್ತು ಕುಪ್ಪನ ಜಗಲಿಗೆ ತಂದು ಇಳಿಸಿದರು. ಹೆಬ್ಬೆರಳಿನ ಗಂಟು ಹಾಗೆಯೇ ಇತ್ತು.

ಕುಪ್ಪನ ವಿದ್ಯೆಯ ಮೊದಲ ಪಾಠವೇ ಪಾದ ನೋಡುವುದು. ಸೊಂಟಕ್ಕೆ ಪೆಟ್ಟಾದವನ ಪಾದ ಹೊರಕ್ಕೆ ಹೊರಳಿ ಬಿದ್ದಿದ್ದರೆ ತೊಡೆಯ ಬುಡದ ಎಲುಬು ಮುರಿದಿದೆ. ಒಳಕ್ಕೆ ಹೊರಳಿದ್ದರೆ ಎಲುಬು ಒರಳಿನಿಂದ ಹಿಂದಕ್ಕೆ ಜಾರಿದೆ. ಮುರಿದದ್ದಕ್ಕೆ ದಬ್ಬೆ ಕಟ್ಟಬೇಕು, ಜಾರಿದ್ದನ್ನು ಎಳೆದು ಕೂಡಿಸಬೇಕು. ಒಂದರ ಮದ್ದು ಇನ್ನೊಂದಕ್ಕೆ ವಿಷ. ಆದರೆ ಈಗ ಎರಡು ಪಾದಗಳೂ ಜೋಡಿ ಹಣತೆಯ ಹಾಗೆ ಒಂದಕ್ಕೊಂದು ಅಂಟಿ ಕೂತಿದ್ದವು. ಕಾಲಿನ ಉದ್ದ ಹೆಚ್ಚೋ ಕಡಿಮೆಯೋ ತಿಳಿಯುವಂತಿರಲಿಲ್ಲ. ಬಲ ತೊಡೆ ಊದಿ ದಿಮ್ಮಿಯಾಗಿತ್ತು.

ಆ ಗಂಟು ಬಿಚ್ಚಿದರೆ ಆಗಿತ್ತು. ಹೊತ್ತು ತಂದವರು ಬಿಚ್ಚಲಿಲ್ಲ. ಹೆಣದ ಗಂಟನ್ನು ಕಟ್ಟಿದವರೇ ಬಿಚ್ಚಬೇಕು, ಬೇರೆಯವರು ಬಿಚ್ಚಿದರೆ ಸಾವು ಅವರ ಹಿಂದೆ ಹೋಗುತ್ತದೆ ಎಂಬುದು ನಮ್ಮಲ್ಲಿಯ ನಂಬಿಕೆ. ಕಟ್ಟಿದವಳು ಎಚ್ಚರವಿಲ್ಲದೆ ಬಿದ್ದಿದ್ದಳು. ಕುಪ್ಪ ಕೈ ಮುಂದೆ ಮಾಡಿದ. ಅದೇ ಹೊತ್ತಿಗೆ ಒಳಗಿನಿಂದ ಕೂಸು ಅತ್ತಿತು. ಅವನ ಹೆಂಡತಿ ನಾಗಮ್ಮ ಹೆತ್ತು ಹನ್ನೊಂದು ದಿನವಾಗಿತ್ತು. ಅದಕ್ಕೆ ಮೊದಲು ಹೆತ್ತ ಎರಡು ಕೂಸುಗಳು ಉಳಿದಿರಲಿಲ್ಲ. ಕುಪ್ಪ ಕೈ ಹಿಂದೆ ತೆಗೆದುಕೊಂಡ. ಬೆರಳಿಗೆ ಸಿಕ್ಕಷ್ಟನ್ನು ಮುಟ್ಟಿ ನೋಡಿ, ಮುರಿದಿದೆ ಎಂದು ತೀರ್ಮಾನಿಸಿ, ಸೊಂಟದಿಂದ ಹಿಮ್ಮಡಿಯವರೆಗೆ ಬಿದಿರ ದಬ್ಬೆ ಇಟ್ಟು ಬಿಗಿದ. ಸಂಜೆ ಬಂಗಾರಿ ಬಂದು ಗಂಟು ಬಿಚ್ಚಿದಳು. ಅಷ್ಟು ಹೊತ್ತಿಗೆ ಆ ಕಾಲು ದಬ್ಬೆಯೊಳಗಿತ್ತು.

ಶುಕ್ರ ಬದುಕಿದ. ಒಂದೂವರೆ ತಿಂಗಳಾದ ಮೇಲೆ ಎದ್ದು ನಿಂತಾಗ ಬಲಗಾಲು ಮೂರು ಬೆರಳು ಗಿಡ್ಡವಾಗಿತ್ತು, ಪಾದ ಒಳಕ್ಕೆ ಹೊರಳಿತ್ತು. ಆ ಕಾಲಿನ ಮೇಲೆ ಭಾರ ಬಿಟ್ಟರೆ ಎಡ ಸೊಂಟ ಕುಸಿಯುತ್ತಿತ್ತು, ಬೀಳಬಾರದೆಂದು ಮೈಯನ್ನೆಲ್ಲ ಬಲಕ್ಕೆ ಎಸೆಯಬೇಕಿತ್ತು. ನಾಟಿಯ ಸಾಲಿನಲ್ಲಿ ಒಬ್ಬ ಆಳು ಬಾರದಿದ್ದರೆ ಪಕ್ಕದ ಆಳು ಎರಡು ಪಾಲು ನೆಡುತ್ತಾನಲ್ಲ, ಹಾಗೆ ಒಂದು ಕೀಲು ಮಾಡದ ಕೆಲಸವನ್ನು ಸೊಂಟ, ಬೆನ್ನು, ಹೆಗಲು ಹಂಚಿಕೊಂಡು ಮಾಡುತ್ತಿದ್ದವು. ಹೆಜ್ಜೆಯ ಸದ್ದು ‘ಧಪ್’ ಎಂದು ಬಿದ್ದು, ಆಮೇಲೆ ‘ಸರ್’ ಎಂದು ಎಳೆಯುತ್ತಿತ್ತು.

ಯಾಕೆ ಹೀಗಾಯಿತೆಂದು ಜನ ಕೇಳಿದರು. ಸುತ್ತ ನಾಲ್ಕು ತಾಲೂಕಿನಲ್ಲಿ ಹೆಸರಿದ್ದವನು ಕುಪ್ಪ. ಅಂಗಳದಲ್ಲಿ ಹದಿನೈದು ಮಂದಿ ನಿಂತಿದ್ದರು. ಅವನು ಹೇಳಿದ:

“ಯಮ ಜೀವ ಬಿಟ್ಟ. ಕಾಲು ಬಿಡ್ಲಿಲ್ಲ.”

ಜನ ತಲೆದೂಗಿದರು. ಅದಕ್ಕಿಂತ ಒಳ್ಳೆಯ ಕಾರಣ ಅವರಿಗೂ ಬೇಕಿರಲಿಲ್ಲ. ಎಲ್ಲರಿಗಿಂತ ಹೆಚ್ಚು ನಂಬಿದವನು ಶುಕ್ರ. ಅಂದಿನಿಂದ ಅವನು ಆ ಕಾಲನ್ನು ‘ನನ್ನ ಕಾಲು’ ಎನ್ನಲಿಲ್ಲ. ‘ಅದು’ ಎನ್ನುತ್ತಿದ್ದ. ಮಕ್ಕಳು ಅವನ ದಾರಿಗೆ ಅಡ್ಡ ಬರುತ್ತಿರಲಿಲ್ಲ.

ಮರ ಹತ್ತುವಂತಿಲ್ಲ, ಗದ್ದೆಯ ಕೆಸರಿನಲ್ಲಿ ನಿಲ್ಲುವಂತಿಲ್ಲ. ಗಂಡ ಹೆಂಡತಿ ಸಾಣಿಕಟ್ಟೆಯ ಆಗರಕ್ಕೆ, ಉಪ್ಪು ಬೆಳೆಯುವ ಗದ್ದೆಗೆ, ಉಪ್ಪು ಹೊರಲು ಹೋದರು. ತಲೆಯ ಮೇಲೆ ಹೊತ್ತರೆ ಶುಕ್ರನ ಬುಟ್ಟಿ ತುಳುಕುತ್ತಿತ್ತು. ಆದ್ದರಿಂದ ಒಂದು ಬಿದಿರ ಗಳುವಿಗೆ ದೊಡ್ಡ ಬುಟ್ಟಿ ನೇತುಹಾಕಿ, ಮುಂದಿನ ತುದಿ ಅವನ ಹೆಗಲಿಗೆ, ಹಿಂದಿನ ತುದಿ ಮಂಜಿಯ ಹೆಗಲಿಗೆ. ಆಗರದ ಬದು ಒಂದೇ ಆಳು ನಡೆಯುವಷ್ಟು ಅಗಲ. ಎರಡೂ ಕಡೆ ಉಪ್ಪುನೀರು. ಮುಂದಿನವನು ಎತ್ತ ವಾಲಿದರೆ ಹಿಂದಿನವಳೂ ಅತ್ತ ವಾಲಬೇಕು. ಇಲ್ಲದಿದ್ದರೆ ಬುಟ್ಟಿ ತೂಗಾಡಿ ಮೊಣಕಾಲಿಗೆ ಬಡಿಯುತ್ತದೆ, ಉಪ್ಪು ಚೆಲ್ಲುತ್ತದೆ, ಮೇಸ್ತ್ರಿ ಬೈಯುತ್ತಾನೆ. ಮೊದಲ ತಿಂಗಳು ಮಂಜಿಯ ಮೊಣಕಾಲಿನ ತುಂಬ ಗಾಯ. ಎರಡನೆಯ ತಿಂಗಳಿಗೆ ಗಾಯ ನಿಂತಿತು. ಅವಳ ಬಲಗಾಲು ಅವನ ಬಲಗಾಲಿನ ಜೊತೆಗೆ ‘ಧಪ್’ ಎನ್ನಲು ಕಲಿತಿತ್ತು. ಒಂಬತ್ತು ವರ್ಷ ಅವರು ಹಾಗೆ ನಡೆದರು. ನಡುವೆ ಒಬ್ಬ ಮಗಳು ಹುಟ್ಟಿದಳು.

ಆಗರಕ್ಕೆ ಹೋಗುವ ದಾರಿ ಕುಪ್ಪನ ಬೇಲಿಯ ಪಕ್ಕದಲ್ಲೇ. ಮೊದಲ ವರ್ಷ ಅವನು ಆ ಸದ್ದು ಬಂದಾಗ ಕೆಮ್ಮುತ್ತಿದ್ದ. ಎರಡನೆಯ ವರ್ಷ ಹಗ್ಗ ಹೊಸೆಯುವ ಜಾಗವನ್ನು ಮನೆಯ ಹಿಂಬದಿಗೆ ಬದಲಿಸಿದ. ಸದ್ದು ಅಲ್ಲಿಗೂ ಬಂತು. ಯಾರ ಕೀಲು ಹಿಡಿದರೂ ಕಿವಿಯೊಳಗೆ ‘ಧಪ್, ಸರ್’. ಅವನ ಕೈಯ ಕೆಲಸ ಕೆಡಲಿಲ್ಲ. ಬಾಯಿ ಮಾತ್ರ ಕಟ್ಟಿತು. ಪಾಠ ಹೇಳುವುದು, ಹೆಸರಿಡುವುದು, ತಮಾಷೆ, ಎಲ್ಲ ನಿಂತವು.

ಅರವತ್ತಾರರ ಮಳೆಗಾಲದಲ್ಲಿ ಶುಕ್ರನಿಗೆ ಕಾಮಾಲೆಯಾಯಿತು. ಹದಿನಾಲ್ಕು ದಿನ ಮಲಗಿ ತೀರಿಕೊಂಡ. ಕುಪ್ಪ ಹೆಣಕ್ಕೆ ಹೆಗಲು ಕೊಟ್ಟ. ಮನೆಗೆ ಬಂದು ಮಿಂದು, ಇನ್ನು ಆ ಸದ್ದು ಕೇಳುವುದಿಲ್ಲ ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತಂತೆ.

ಕರ್ಮ ಮುಗಿದ ಮೇಲೆ ಮಂಜಿ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಮಾಘದಲ್ಲಿ ಆಗರದ ಕೆಲಸ ಶುರುವಾಗುವ ಹೊತ್ತಿಗೆ ಅತ್ತೆಯ ಮನೆಗೆ ಮರಳಿದಳು. ಮರುದಿನ ಬೆಳಿಗ್ಗೆ ಕುಪ್ಪ ಹಲ್ಲುಜ್ಜುತ್ತಿದ್ದ. ಬೇಲಿಯಾಚೆ ‘ಧಪ್’ ಎಂದಿತು. ಆಮೇಲೆ ‘ಸರ್’.

ಬಾಯಲ್ಲಿದ್ದ ನೀರು ಉಗುಳಲು ಅವನಿಗೆ ನೆನಪಾಗಲಿಲ್ಲ. ಆ ನಡಿಗೆ ಇನ್ನೊಬ್ಬರದಾಗಲು ಸಾಧ್ಯವಿಲ್ಲ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೂ ತಿಳಿಯದು, ಯಾಕೆಂದರೆ ಅದು ಅವನ ಕೈಯಿಂದಲೇ ಆದದ್ದು. ಸದ್ದು ದೂರವಾಗುವವರೆಗೆ ಬೇಲಿಯ ಕಡೆಗೆ ತಿರುಗಲಿಲ್ಲ. ಎರಡನೆಯ ದಿನವೂ ಅಷ್ಟೆ. ಮೂರನೆಯ ದಿನ ಕೇದಿಗೆಯ ಬೇಲಿಯನ್ನು ಎರಡು ಕೈಯಿಂದ ಸರಿಸಿ, ಮುಳ್ಳು ಗೀರಿಸಿಕೊಂಡು ನೋಡಿದ. ಮಂಜಿ ಒಬ್ಬಳೇ ಹೋಗುತ್ತಿದ್ದಳು. ಬರಿಗೈ, ಹೆಗಲ ಮೇಲೆ ಗಳು ಇಲ್ಲ. ಮೈಯನ್ನು ಬಲಕ್ಕೆ ಎಸೆಯುತ್ತಿದ್ದಳು, ಪಾದ ಒಳಕ್ಕೆ ಹೊರಳುತ್ತಿತ್ತು.

ದೆವ್ವವಾಗಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು.

ಅದೇ ಸಂಜೆ ಬಂಗಾರಿ ಒಲೆಯ ಮುಂದಿದ್ದಳು. ಅವಳಿಗೆ ಕಣ್ಣು ಮಂಜಾಗಿತ್ತು, ಕಿವಿ ಚುರುಕಾಗಿತ್ತು. ಅಂಗಳದಲ್ಲಿ ಹೆಜ್ಜೆ ಕೇಳಿ ಎದ್ದು, ಮಣೆ ಹಾಕಿ, ಬಟ್ಟಲಿಗೆ ಗಂಜಿ ಬಡಿಸಿ, ಪಕ್ಕದಲ್ಲಿ ಉಪ್ಪಿನಕಾಯಿ ಇಟ್ಟು, “ಕೈ ತೊಳ್ಕಾ ಮಗಾ,” ಅಂದಳು. ಬಾಗಿಲಲ್ಲಿ ನಿಂತಿದ್ದವಳು ಸೊಸೆ. ಬಂಗಾರಿಯ ಕೂಗು ಮೂರು ಮನೆಗೆ ಕೇಳಿತು.

ಆಮೇಲೆ ಎಲ್ಲರೂ ನೋಡತೊಡಗಿದರು. ಮಂಜಿ ತಾನು ಹಾಗೆ ನಡೆಯುತ್ತೇನೆಂದು ತನಗೇ ಗೊತ್ತಿಲ್ಲ ಎಂದು ಅತ್ತಳು. ಸರಿಯಾಗಿ ನಡೆ ಎಂದರೆ ನಾಲ್ಕು ಹೆಜ್ಜೆ ಸರಿಯಾಗಿ ಹಾಕಿ ಐದನೆಯದಕ್ಕೆ ಮತ್ತೆ ವಾಲುತ್ತಿದ್ದಳು. ಅದನ್ನು ಕಂಡು ಜನ ಇನ್ನಷ್ಟು ಹೆದರಿದರು. ಬಂಗಾರಿಯ ಮೈದುನಂದಿರು ದೇವಪ್ಪ ಎಂಬ ಗಾಡಿಗನನ್ನು ಕರೆಸಿದರು. ದೆವ್ವ ಬಿಡಿಸುವುದರಲ್ಲಿ ಅವನದು ಪಳಗಿದ ಕೈ. ಅವನು ಅಕ್ಕಿ ಎಣಿಸಿ, ಶುಕ್ರ ಹೆಂಡತಿಯ ಬಲ ಸೊಂಟ ಹಿಡಿದು ಕೂತಿದ್ದಾನೆ ಎಂದ. ಕುಡುಗೋಲು ಕಾಯಿಸಿ ಸೊಂಟಕ್ಕೆ ಮೂರು ಬರೆ ಎಳೆಯಬೇಕು. ಅದಕ್ಕೂ ಬಿಡದಿದ್ದರೆ ಅವಳನ್ನು ತವರಿಗೆ ಕಳಿಸಬೇಕು, ಮಗಳು ಮಾತ್ರ ಇಲ್ಲೇ ಇರಬೇಕು. ಇಲ್ಲದಿದ್ದರೆ ಸತ್ತವನು ಮುಂದೆ ಮಗಳ ಕಾಲು ಹಿಡಿಯುತ್ತಾನೆ. ಸೋಮವಾರ ಊರಗೌಡನ ಅಂಗಳದಲ್ಲಿ ಎಂದು ಗೊತ್ತುಮಾಡಿದರು.

ಕುಪ್ಪ ಕರೆಯದೆ ಹೋದ.

ಅಂಗಳದ ಮೂಲೆಯಲ್ಲಿ ಕೆಂಡ ಮಾಡಿದ್ದರು. ಮಂಜಿಯನ್ನು ತುಳಸಿಕಟ್ಟೆಯ ಬುಡದಲ್ಲಿ ಕೂರಿಸಿದ್ದರು. ಮಗಳನ್ನು ಅದಾಗಲೇ ಇನ್ನೊಂದು ಮನೆಗೆ ಒಯ್ದಿದ್ದರು. ಹೋಗುವಾಗ ಅವನಿಗಿದ್ದ ಲೆಕ್ಕಾಚಾರ ಬೇರೆ. ತನ್ನ ವಿದ್ಯೆಯಿಂದಲೇ ಮಂಜಿಯನ್ನು ಬಿಡಿಸಬಹುದು, ತನ್ನ ತಪ್ಪು ತನ್ನೊಳಗೇ ಉಳಿಯಲಿ ಎಂದು ಬಗೆದಿದ್ದ. ಇದನ್ನು ಅವನೇ ಆಮೇಲೆ ಒಪ್ಪಿಕೊಂಡ.

ಊರಗೌಡನ ಅಪ್ಪಣೆ ಕೇಳಿ ಅವನು ಮಂಜಿಯನ್ನು ಎಬ್ಬಿಸಿದ. ಕುಕ್ಕರಗಾಲಲ್ಲಿ ಕೂತು ಏಳು ಎಂದ, ಎದ್ದಳು. ಬಲಗಾಲು ಮುಂದೆ ಚಾಚು, ಹಿಂದೆ ಚಾಚು, ಬದಿಗೆ ಎತ್ತು, ಹಿಮ್ಮಡಿ ಊರಿ ಹೆಬ್ಬೆರಳನ್ನು ಹೊರಗೆ ತಿರುಗಿಸು, ಒಳಗೆ ತಿರುಗಿಸು. ಎಲ್ಲವೂ ಎಡಗಾಲಿನಷ್ಟೇ ಆಯಿತು. ಆಮೇಲೆ ಬಲಗಾಲ ಮೇಲೆ ಒಂಟಿಯಾಗಿ ನಿಲ್ಲಿಸಿದ. ಸೊಂಟ ಕುಸಿಯಲಿಲ್ಲ. ಕಾಲು ಕೆಟ್ಟ ಮೇಲೆ ಶುಕ್ರನಿಗೆ ಒಂದು ದಿನವೂ ಹಾಗೆ ನಿಲ್ಲಲು ಆಗಿರಲಿಲ್ಲ ಎಂದು ಸಭೆಗೆ ನೆನಪಿಸಿದ. ಕೊನೆಗೆ ಊರಗೌಡನ ಮನೆಯಿಂದ ಒಂದು ಕೊಡ ನೀರು ತರಿಸಿ ಮಂಜಿಯ ತಲೆಯ ಮೇಲಿಟ್ಟು ನಡೆ ಎಂದ.

ಮಂಜಿ ಅಂಗಳದ ಈ ತುದಿಯಿಂದ ಆ ತುದಿಗೆ ಗೆರೆ ಎಳೆದ ಹಾಗೆ ನಡೆದಳು. ಒಂದು ಹನಿ ಚೆಲ್ಲಲಿಲ್ಲ. ಹೆಂಗಸರ ಕಡೆಯಿಂದ ಒಂದು ಗುಜುಗುಜು ಎದ್ದಿತು.

ಕುಪ್ಪ ವಿವರಿಸಿದ. ಕೊಡ ಹೊರುವುದು ಅವಳು ತವರಲ್ಲಿ ಎಳೆಯ ವಯಸ್ಸಿಗೆ ಕಲಿತ ನಡಿಗೆ. ಗಳು ಹೊರುವುದು ಗಂಡನ ಹಿಂದೆ ಒಂಬತ್ತು ವರ್ಷ ಕಲಿತ ನಡಿಗೆ. ಕೀಲಿಗೆ ಬುದ್ಧಿಯಿಲ್ಲ, ಅಭ್ಯಾಸ ಇದೆ. ಎತ್ತು ನೊಗ ಇಳಿಸಿದ ಮೇಲೂ ಜೋಡಿ ಎತ್ತಿಗೆ ಜಾಗ ಬಿಟ್ಟೇ ನಡೆಯುತ್ತದೆ. ಅದಕ್ಕೆ ಯಾರೂ ಬರೆ ಹಾಕುವುದಿಲ್ಲ.

ದೇವಪ್ಪ ದಡ್ಡನಲ್ಲ. ಅವನು ಎಲೆ ಅಡಿಕೆ ಉಗುಳಿ ಬಂದು ನಿಧಾನಕ್ಕೆ ಹೇಳಿದ:

“ತಲೆ ಮೇಲೆ ನೀರಿತ್ತಲ ಕುಪ್ಪ ಗೌಡಾ. ನೀರು ಅಂದ್ರೆ ಗಂಗೆ. ಗಂಗೆ ತಲೆ ಮೇಲಿದ್ದಾಗ ಯಾವ ದೆವ್ವ ನಿಲ್ತದೆ? ಕೊಡ ಇಳ್ಸು, ನೋಡ್ವ.”

ಕೊಡ ಇಳಿಸಿದರು. ಮಂಜಿ ಆರು ಹೆಜ್ಜೆ ಹಾಕಿದಳು. ಐದನೆಯದು ‘ಧಪ್’ ಎಂದಿತು. ಜನ ಹಿಂದೆ ಸರಿದರು.

ದೇವಪ್ಪ ಅಲ್ಲಿಗೆ ನಿಲ್ಲಿಸಲಿಲ್ಲ. “ಅಷ್ಟಕ್ಕೂ ಇದು ನಾ ಹೇಳಿದ್ದಾ? ಯಮ ಕಾಲು ಬಿಡ್ಲಿಲ್ಲ ಅಂತ ನೀನೇ ಹೇಳಿದಂವ. ಯಮನ ಹತ್ರ ಇದ್ದ ಕಾಲು ಈಗ ಹೆಂಡ್ತಿ ಹುಡುಕ್ಕಂಡು ಬಂದದೆ. ಹೌದೋ ಅಲ್ಲವೋ, ನೀನೇ ಹೇಳು.”

ಕುಡುಗೋಲು ಕೆಂಪಾಗಿತ್ತು. ಬಂಗಾರಿಯ ಮೈದುನ ಒಬ್ಬ ಅದರ ಹಿಡಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದ. ಇಬ್ಬರು ಹೆಂಗಸರು ಮಂಜಿಯ ತೋಳು ಹಿಡಿದರು. ಮಂಜಿ ಯಾರನ್ನೂ ನೋಡದೆ, ಮಗಳನ್ನು ಒಯ್ದ ಮನೆಯ ಕಡೆಗೇ ಕಣ್ಣು ನೆಟ್ಟಿದ್ದಳು. ಕುಪ್ಪನ ಬಳಿ ಇನ್ನು ತೋರಿಸುವ ವಿದ್ಯೆ ಉಳಿದಿರಲಿಲ್ಲ. ಒಂದೇ ಉಳಿದಿತ್ತು.

“ಅದು ಸುಳ್ಳು,” ಅಂದ.

ಯಾವುದು ಸುಳ್ಳೆಂದು ಊರಗೌಡ ಕೇಳಿದ.

“ಯಮ ಕಾಲು ಹಿಡ್ದ ಅಂದದ್ದು. ಯಮ ಅಲ್ಲ, ನಾನು. ಎಲುಬು ಮುರ್ದಿರ್ಲಿಲ್ಲ, ಜಾರಿತ್ತು. ಹೆಬ್ಬೆಟ್ಟಿಗೆ ಗಂಟಿತ್ತು, ಪಾದ ಹೊರಳಿದ್ದು ಕಾಣ್ಲಿಲ್ಲ. ಗಂಟು ಬಿಚ್ಚಿ ನೋಡ್ಬೇಕಾಗಿತ್ತು. ಹೆದ್ರಿಕಂಡೆ. ಎಳೀಬೇಕಾಗಿತ್ತು, ಕಟ್ಬಿಟ್ಟೆ. ಅಂವ ಕುಂಟಿದ್ದು ನನ್ನ ಕಟ್ಟಿಂದ.”

ಆ ಅಂಗಳದಲ್ಲಿ ಅವನ ಕೈಯಿಂದ ಕೈಕಾಲು ಸರಿಮಾಡಿಸಿಕೊಳ್ಳದ ಮನೆಯವರು ಯಾರೂ ಇರಲಿಲ್ಲ. ಒಬ್ಬ ಮುದುಕ ತನ್ನ ಮೊಣಕೈಯನ್ನು ಮಡಿಸಿ, ನೀಡಿ, ಮತ್ತೆ ಮಡಿಸಿ ನೋಡಿಕೊಂಡ. ಅದನ್ನು ಕಂಡು ಇನ್ನೊಬ್ಬ ತನ್ನ ಹೆಗಲು ಆಡಿಸಿ ನೋಡಿದ.

ಬಂಗಾರಿ ಗೋಡೆಗೆ ಆತು ಕೂತಿದ್ದಳು. ಅವಳು ಮೆಲ್ಲಗೆ, “ಹಂಗಾರೆ ನಾ ಕಟ್ಟಿದ ಗಂಟೇನೋ ಕುಪ್ಪಾ?” ಅಂದಳು.

ಕುಪ್ಪ ಅವಳ ಮುಂದೆ ಹೋಗಿ ಕೂತ. “ನೀ ಕ್ರಮ ಮಾಡ್ದೆ ಬಂಗಾರಕ್ಕ. ಗಂಟು ನಿಂದು. ಹೆದ್ರಿಕೆ ನಂದು.”

ಬಂಗಾರಿ ಎದ್ದು, ಗೋಡೆ ಹಿಡಿದುಕೊಂಡು, ಮಂಜು ಕಣ್ಣಿನಲ್ಲಿ ತಡವರಿಸುತ್ತ ಹೋಗಿ ಮಂಜಿಯ ತೋಳು ಹಿಡಿದಿದ್ದ ಹೆಂಗಸರ ಕೈ ಬಿಡಿಸಿದಳು. ಮನೆಗೆ ಹೋಗೋಣ, ಕತ್ತಲಾಗುವ ಮೊದಲು ಮೊಮ್ಮಗಳನ್ನು ಕರೆದು ತರಬೇಕು ಎಂದಷ್ಟೇ ಹೇಳಿದಳು. ದೇವಪ್ಪ ತನ್ನ ಅಕ್ಕಿ ಚೀಲ ಕಟ್ಟಿಕೊಂಡ. ಹೋಗುವಾಗ ಕುಪ್ಪನ ಹತ್ತಿರ ನಿಂತು, “ನಾ ದೆವ್ವ ಬಿಡ್ಸಂವ. ನೀ ಮಾಡಂವ,” ಅಂದು ಹೋದ.

ಊರಿನವರ ಮಟ್ಟಿಗೆ ಕಥೆ ಅಲ್ಲಿಗೆ ಮುಗಿಯಿತು. ಕುಪ್ಪನ ಮಟ್ಟಿಗೆ ಮುಗಿದಿರಲಿಲ್ಲ. ಅವನು ಸಭೆಯಲ್ಲಿ ಅರ್ಧವನ್ನು ಮಾತ್ರ ಹೇಳಿದ್ದ.

ಉಳಿದ ಅರ್ಧ ಇದು. ದಬ್ಬೆ ಕಟ್ಟಿದ ಒಂಬತ್ತನೆಯ ದಿನ ಎಣ್ಣೆ ಬದಲಿಸಲು ಅವನು ಶುಕ್ರನ ಕಾಲಿನ ಕಟ್ಟು ಬಿಚ್ಚಿದ್ದ. ಹೆಬ್ಬೆರಳಿಗೆ ಆಗ ಗಂಟಿರಲಿಲ್ಲ. ದಬ್ಬೆ ತೆಗೆದ ಕೂಡಲೆ ಪಾದ ತಾನಾಗಿ ಒಳಕ್ಕೆ ಹೊರಳಿತು. ಅವನಿಗೆ ಆ ಕ್ಷಣವೇ ತಿಳಿಯಿತು. ಒಂಬತ್ತು ದಿನ ಅಂದರೆ ತಡವಾಗಿತ್ತು, ಆದರೆ ತೀರಾ ತಡವಾಗಿರಲಿಲ್ಲ. ಮೂರು ಜನ ಗಟ್ಟಿ ಆಳುಗಳನ್ನು ಸೊಂಟ ಒತ್ತಲು ಕೂರಿಸಿ, ಮೊಣಕಾಲು ಮಡಿಸಿ, ತೊಡೆಯನ್ನು ಮೇಲಕ್ಕೆ ಎಳೆದು ಹೊರಕ್ಕೆ ಹೊರಳಿಸಿದ್ದರೆ ಒನಕೆ ಒರಳಿಗೆ ಬೀಳುತ್ತಿತ್ತು. ಆದರೆ ಹಾಗೆ ಎಳೆಯಬೇಕಾದರೆ, ಒಂಬತ್ತು ದಿನ ಕಟ್ಟಿದ್ದು ಯಾಕೆಂದು ಆ ಮೂರು ಜನಕ್ಕೆ ಹೇಳಬೇಕಾಗಿತ್ತು. ಅವನು ಎಣ್ಣೆ ಹಚ್ಚಿ ಮತ್ತೆ ಕಟ್ಟಿದ. ಆಗ ಬಿಸಿನೀರಿನ ಪಾತ್ರೆ ಹಿಡಿದು ಪಕ್ಕದಲ್ಲಿದ್ದವಳು ಮಂಜಿ.

ಸಭೆಯಾಗಿ ಒಂದು ತಿಂಗಳಾದ ಮೇಲೆ, ಮಧ್ಯಾಹ್ನದ ಬಿಸಿಲಿನಲ್ಲಿ ಅವಳು ಕುಪ್ಪನ ಅಂಗಳಕ್ಕೆ ಬಂದಳು. ಅವಳ ನಡಿಗೆ ಆಗ ಅರ್ಧ ಸರಿಯಾಗಿತ್ತು. ದಿನಾ ಬೆಳಿಗ್ಗೆ ಕೊಡ ಹೊತ್ತು ನಡೆ, ಆಮೇಲೆ ಕೊಡ ಇಳಿಸಿ, ತಲೆಯ ಮೇಲೆ ಇನ್ನೂ ಇದೆಯೆಂದೇ ತಿಳಿದು ನಡೆ ಎಂದು ಕುಪ್ಪ ನಾಗಮ್ಮನ ಕೈಯಲ್ಲಿ ಹೇಳಿ ಕಳಿಸಿದ್ದ. ನಾಗಮ್ಮ ನೀರು ಬೆಲ್ಲ ತಂದಿಟ್ಟಳು. ಮಂಜಿ ಮುಟ್ಟಲಿಲ್ಲ.

“ಒಂಬತ್ತನೇ ದಿನ ನಿನ್ನ ಕೈ ನಿಂತಿತ್ತು ಕುಪ್ಪಣ್ಣ. ನಾ ನೋಡಿದ್ದೆ. ನಂಗೆ ಆಗ ಅರ್ಥ ಆಗ್ಲಿಲ್ಲ.”

ಕುಪ್ಪ ಹೊಸೆಯುತ್ತಿದ್ದ ಹಗ್ಗ ಕೆಳಗಿಟ್ಟ.

“ಅಂದು ಎಳೆದಿದ್ರೆ ಕೂಡ್ತಿತ್ತಾ?”

“ಕೂಡ್ತಿತ್ತು,” ಅಂದ.

ಅವಳು ಅಳಲಿಲ್ಲ, ಶಾಪ ಹಾಕಲಿಲ್ಲ. ಅಂಗಳದಲ್ಲಿ ಒಣಗಲು ಹಾಕಿದ್ದ ಭತ್ತವನ್ನು ನೋಡುತ್ತ ಹೇಳಿದಳು:

“ಕುಂಟಿದ್ರೆ ಕುಂಟ್ಲಿ, ಅದ್ರ ಚಿಂತೆ ಇಲ್ಲ ನಂಗೆ. ಮಗ್ಳು ಅಪ್ಪನ ತೊಡೆ ಹತ್ತೂಕೆ ಬಂದ್ರೆ ಅಂವ ಎತ್ತಿ ಬದಿಗೆ ಇಡ್ತಿದ್ದ. ‘ಬ್ಯಾಡ, ಅದು ಸತ್ತವರ ಕಾಲು’ ಅಂತಿದ್ದ. ಸಾಯೂವಾಗ್ಲೂ ನನ್ನ ಹತ್ರ ಕೇಳ್ದ, ‘ಅದು ಮೊದ್ಲೇ ಹೋಗಿ ಕಾಯ್ತಾ ಅದ್ಯೇನೇ?’ ಅಂತ. ಅಂವನ ಹತ್ರ ಒಂದ್ಸಲ ಹೇಳಿದ್ರೆ ಆಗ್ತಿತ್ತು ನೀನು. ಬೇರೆ ಯಾರಿಗೂ ಬ್ಯಾಡಾಗಿತ್ತು. ಅಂವಂಗೆ ಒಬ್ಬಂಗೆ.”

ಹೇಳಿ ಎದ್ದು ಹೋದಳು. ಕುಪ್ಪ ಅವಳ ಹೆಜ್ಜೆಯನ್ನು ಕೇಳುತ್ತ ಕೂತಿದ್ದ ಎಂದು ನಾಗಮ್ಮ ಹೇಳುತ್ತಾಳೆ. ಒಮ್ಮೆ ಸರಿ, ಒಮ್ಮೆ ತಪ್ಪು, ಮತ್ತೆ ಸರಿ.

ಮಾರನೆಯ ದಿನ ಹೊನ್ನಾವರದ ಕಡೆಯಿಂದ ಹೆಗಲು ಜಾರಿದವನೊಬ್ಬನನ್ನು ತಂದರು. ಪರವೂರಿನವರು, ಅವರಿಗೆ ಸಭೆಯ ಸುದ್ದಿಯೇ ಗೊತ್ತಿರಲಿಲ್ಲ. ಕುಪ್ಪ ಅವನನ್ನು ಜಗಲಿಯಲ್ಲಿ ಕೂರಿಸಿ, ಮುಟ್ಟುವ ಮೊದಲು ಶುಕ್ರನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ, ಗಂಟು, ಸುಳ್ಳು, ಒಂಬತ್ತನೆಯ ದಿನ, ಏನನ್ನೂ ಬಿಡದೆ ಹೇಳಿದ. ಇಷ್ಟು ಕೇಳಿದ ಮೇಲೂ ನನ್ನ ಕೈ ಬೇಕಾದರೆ ಹೇಳಿ, ಬೇಡವಾದರೆ ಕುಮಟೆಗೆ ಗಾಡಿ ಮಾಡಿಕೊಡುತ್ತೇನೆ ಎಂದ. ಅವರು ನೋವಿನವನನ್ನು ಎತ್ತಿಕೊಂಡು ಹೊರಟೇ ಹೋದರು.

ಅಲ್ಲಿಂದ ಮುಂದೆ ಬಂದವರಿಗೆಲ್ಲ ಅದೇ. ಕೆಲವರು ಕೇಳಿ ಎದ್ದು ಹೋದರು. ಕೆಲವರು ಅರ್ಧಕ್ಕೆ, “ಆತು ಮಾರಾಯ, ಮೊದ್ಲು ಎಳಿ,” ಎಂದು ಗೋಗರೆದರು. ಅವನು ಕಥೆ ಮುಗಿಸದೆ ಕೈ ಮುಟ್ಟುತ್ತಿರಲಿಲ್ಲ. ಭಟ್ಕಳದ ಕಡೆಯವರು ಬರುವುದು ನಿಂತಿತು. ಒಂದು ದಿನ ಮಂಜಿ ದಾರಿಯಲ್ಲಿ ಹೋಗುವಾಗ ಅವನು ಯಾರಿಗೋ ಹೇಳುತ್ತಿದ್ದ. ಅವಳು ಬೇಲಿಯ ಹೊರಗೆ ನಿಂತು ಕೇಳಿದಳಂತೆ. ಅವನು ಅಂದು ಏನನ್ನೂ ಬಿಟ್ಟಿರಲಿಲ್ಲ. ಕೇಳಿ ಮುಗಿದ ಮೇಲೆ ಅವಳು ಆಗರದ ದಾರಿ ಹಿಡಿದಳು.

ಅರವತ್ತೊಂಬತ್ತರಲ್ಲಿ ನನ್ನ ಮಣಿಕಟ್ಟು ತಪ್ಪಿತು. ಹೀಗಾಗಿಯೇ ನನಗೆ ಇದೆಲ್ಲ ಅವನ ಬಾಯಿಂದ ಗೊತ್ತಾದದ್ದು. ಕಥೆ ಮುಗಿಯುವ ಹೊತ್ತಿಗೆ ನೋವಿಗೆ ನನ್ನ ಮೈ ಬೆವೆತಿತ್ತು. ನಾನು ಕೈ ಹಿಂದೆ ತೆಗೆಯಲಿಲ್ಲ. ಅವನು ಮೊದಲು ನನ್ನ ಸರಿಯಿದ್ದ ಕೈಯನ್ನು ಹಿಡಿದು ಮಡಿಸಿ, ನೀಡಿ, ಎಡಕ್ಕೂ ಬಲಕ್ಕೂ ಹೊರಳಿಸಿ ನೋಡಿದ. ಆಮೇಲೆ ಕೆಟ್ಟ ಕೈ ಹಿಡಿದ. ಎಳೆಯುವಾಗ ಎಲ್ಲರೂ ಕಣ್ಣು ಮುಚ್ಚಿಕೊಳ್ಳುತ್ತಾರೆ. ನಾನು ಮುಚ್ಚಿಕೊಳ್ಳಲಿಲ್ಲ, ಅವನ ಬೆರಳುಗಳು ಎಲ್ಲಾದರೂ ನಿಲ್ಲುತ್ತವೆಯೋ ಎಂದು ಕಣ್ಣಿಟ್ಟು ನೋಡುತ್ತಿದ್ದೆ. ನಾನು ನೋಡುತ್ತಿರುವುದು ಅವನಿಗೂ ತಿಳಿದಿತ್ತು.